ವಾಲ್ವ್ ಆಂಪ್‌ಗೆ ರೆಗ್ಯುಲೇಟರ್: ಎಲ್ಲಿಗೆ ಬೇಕು, ಎಲ್ಲಿಗೆ ಬೇಡ

ಓದುಗರ ಪ್ರಶ್ನೆ – ಉತ್ತರ

ಪ್ರಶ್ನೆ: ನಮಸ್ಕಾರ ಸಾರ್. ನಾಪೋಕ್ಲು ಹತ್ತಿರ ನಮ್ಮ ಕಾಫಿ ತೋಟ. ಅಪ್ಪನ ಕಾಲದ ವಾಲ್ವ್ ಆಂಪ್ಲಿಫೈಯರ್ ಒಂದು ಅಟ್ಟದ ಮೇಲಿತ್ತು, ಇಳಿಸಿ ರಿಪೇರಿ ಮಾಡಿದ್ದೇನೆ. ಒಂದೊಂದು ಚಾನೆಲ್‌ಗೆ ಒಂದು ಇಎಲ್84, ಎರಡಕ್ಕೂ ಸೇರಿ ಮುಂದುಗಡೆ ಒಂದು ಇಸಿಸಿ83. ವಾಲ್ವ್‌ಗಳ ಮೇಲೆ ಬಿಇಎಲ್ ಅಂತ ಅಚ್ಚಿದೆ. ಹಾಡು ಚೆನ್ನಾಗಿಯೇ ಬರುತ್ತದೆ, ಆದರೆ ಹಿಂದುಗಡೆ ಗುಂಯ್ ಅನ್ನುವ ಸದ್ದು ನಿಲ್ಲುವುದಿಲ್ಲ. ಎಚ್‌ಟಿ, ಅಂದರೆ ವಾಲ್ವ್‌ಗಳಿಗೆ ಹೋಗುವ ಹೈವೋಲ್ಟೇಜ್ ಡಿಸಿ, ಅಳೆದರೆ ಬೆಳಿಗ್ಗೆ 280 ವೋಲ್ಟ್, ಸಂಜೆ 235. ಸ್ಪ್ರಿಂಕ್ಲರ್ ಹಾಕುವ ದಿನಗಳಲ್ಲಿ ಇನ್ನೂ ಕೆಳಗೆ. ಡಯೋಡ್ ಆದ ಮೇಲಿನ ಮೊದಲ ಕೆಪಾಸಿಟರ್ 47 ಮೈಕ್ರೋಫ್ಯಾರಡ್. ವೋಲ್ಟೇಜ್ ಸಮ ಮಾಡುವ ರೆಗ್ಯುಲೇಟರ್ ಹಾಕೋಣ ಅಂತ ಕೇಳಿದರೆ ಒಬ್ಬರು ಗ್ಯಾಸ್ ತುಂಬಿದ ಗ್ಲೋ ಟ್ಯೂಬ್ ಅಂತಾರೆ, ಒಬ್ಬರು ಮಾಸ್ಫೆಟ್ ಟ್ರಾನ್ಸಿಸ್ಟರ್ ಅಂತಾರೆ, ಇನ್ನೊಬ್ಬರು ಎಲ್‌ಎಂ317 ಐಸಿ. ಯಾವುದು ಹಾಕಲಿ?

ಉತ್ತರ: ಮೊದಲು ಒಂದು ಕೆಲಸ ಮಾಡಿ. ಆಂಪ್ ಆರಿಸಿ, ಇಸಿಸಿ83 ಕಿತ್ತಿಡಿ, ಅದಿಲ್ಲದೆ ಆಂಪ್ ಆನ್ ಮಾಡಿ ಕೇಳಿ. ಸದ್ದು ಹೋಯಿತು ಅಂದರೆ ಅದು ಮುಂದಿನ ಹಂತದಿಂದ ಬರುತ್ತಿದೆ. ಹಾಗೇ ಉಳಿದರೆ ಇಎಲ್84 ಹತ್ತಿರವೇ ಇದೆ. ಇನ್ನೊಂದು, ಆ ಸದ್ದು ಯಾವ ಜಾತಿಯದು ಅಂತ ಕಿವಿ ಕೊಟ್ಟು ಕೇಳಿ. ತುಂಬಾ ದಪ್ಪಗೆ, ಕೆಳಗಿನ ಸ್ವರದಲ್ಲಿ ಬಂದರೆ 50 ಹರ್ಟ್ಜ್, ಅಂದರೆ ವಾಲ್ವ್ ಕಾಯಿಸುವ ಹೀಟರ್ ತಂತಿಯದೋ ಅರ್ತಿಂಗ್‌ನದೋ ತೊಂದರೆ. ಅದಕ್ಕೆ ಜಗತ್ತಿನ ಯಾವ ಎಚ್‌ಟಿ ರೆಗ್ಯುಲೇಟರೂ ಮದ್ದಲ್ಲ. ಸ್ವಲ್ಪ ಮೇಲಿನ ಸ್ವರದಲ್ಲಿ, ಜೇನುಪೆಟ್ಟಿಗೆಗೆ ಕಿವಿ ಇಟ್ಟ ಹಾಗೆ ಬಂದರೆ ಅದು 100 ಹರ್ಟ್ಜ್, ಅಂದರೆ ಎಚ್‌ಟಿಯಲ್ಲಿ ಸೆಕೆಂಡಿಗೆ ನೂರು ಸಲ ಆಗುವ ಏರಿಳಿತ. ನೀವು ಬರೆದದ್ದು ನೋಡಿದರೆ ಎರಡನೆಯದೇ ಇರಬೇಕು. ಯಾಕೆಂದರೆ ಎರಡು ಇಎಲ್84 ಸೇರಿ ಸುಮಾರು 110 ಮಿಲಿಆಂಪ್ ಎಳೆಯುವಾಗ 47 ಮೈಕ್ರೋಫ್ಯಾರಡ್ ಮೇಲೆ 20 ವೋಲ್ಟ್ ಹತ್ತಿರ ಏರಿಳಿತ ಇರುತ್ತದೆ. 100 ಮೈಕ್ರೋಫ್ಯಾರಡ್ ಹಾಕಿದರೆ ಅದು ಅರ್ಧವಾಗುತ್ತದೆ. ಹಾಗಾಗಿ ರೆಗ್ಯುಲೇಟರ್ ಮಾತಿಗಿಂತ ಮುಂಚೆ ಅಲ್ಲಿ 100 ಮೈಕ್ರೋಫ್ಯಾರಡ್, 450 ವೋಲ್ಟ್‌ದು ಹಾಕಿ. ಹಳೆಯದು ವರ್ಷಗಟ್ಟಲೆ ಅಟ್ಟದ ಮೇಲೆ ಕೂತಿತ್ತು ಅಂದಮೇಲೆ ಹೇಗೂ ಬದಲಾಯಿಸಲೇಬೇಕು. ಆದರೆ ನಿಮ್ಮ ಆಂಪ್‌ನಲ್ಲಿ ಡಯೋಡ್ ಬದಲು ವಾಲ್ವ್ ರೆಕ್ಟಿಫೈಯರ್ ಇದ್ದಿದ್ದರೆ ಹೀಗೆ ಹೇಳುತ್ತಿರಲಿಲ್ಲ. ದೊಡ್ಡ ಕೆಪಾಸಿಟರ್ ತುಂಬುವ ಏಟನ್ನು ಅದು ತಡೆಯುವುದಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಯಾವ ರೆಗ್ಯುಲೇಟರ್ ಅಂತ ಕೇಳಿದ್ದೀರಿ. ಅದಕ್ಕಿಂತ ಮೊದಲು ಎಲ್ಲಿಗೆ ರೆಗ್ಯುಲೇಟರ್ ಅಂತ ಕೇಳಬೇಕು. ಇಡೀ ಎಚ್‌ಟಿಗೆ ಹಾಕಬೇಡಿ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಹೊಸದಾಗಿ ಕೈ ಹಾಕುವವರು ಎಲ್ಲರೂ ಮಾಡುವುದು ಅದನ್ನೇ. ಆಮೇಲೆ ಹೀಟ್‌ಸಿಂಕ್ ಸುಟ್ಟು, ಪವರ್ ಕಡಿಮೆಯಾಗಿ, ಬೇಜಾರಾಗಿ ಎಲ್ಲವನ್ನೂ ಕಿತ್ತು ಹಾಕುತ್ತಾರೆ.

ಇಎಲ್84 ಒಂದು ಪೆಂಟೋಡ್, ಅಂದರೆ ಒಳಗೆ ಐದು ಎಲೆಕ್ಟ್ರೋಡ್ ಇರುವ ವಾಲ್ವ್. ಪೆಂಟೋಡ್‌ನಲ್ಲಿ ಎಷ್ಟು ಕರೆಂಟ್ ಹರಿಯಬೇಕು ಅಂತ ತೀರ್ಮಾನ ಮಾಡುವುದು ಪ್ಲೇಟ್ (ಕರೆಂಟ್ ಬಂದು ಸೇರುವ ತಗಡು) ಅಲ್ಲ, ಅದರ ಒಳಗಡೆ ಇರುವ ಸ್ಕ್ರೀನ್ ಗ್ರಿಡ್ ಅನ್ನುವ ತಂತಿಯ ಸುರುಳಿ. ಪ್ಲೇಟಿನ ವೋಲ್ಟೇಜ್ 280 ಇರಲಿ, 240 ಇರಲಿ, ಕರೆಂಟ್ ಹೆಚ್ಚು ಕಡಿಮೆ ಅಷ್ಟೇ ಹರಿಯುತ್ತದೆ. ಲೆಕ್ಕ ಹಾಕಿ ನೋಡಿ. ಇಎಲ್84ರ ಒಳಗಿನ ರೆಸಿಸ್ಟೆನ್ಸ್ ಸುಮಾರು 38 ಕಿಲೋಓಂ, ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಲೋಡ್ 5 ಕಿಲೋಓಂ ಚಿಲ್ಲರೆ. ಪ್ಲೇಟಿನ ಸಪ್ಲೈಯಲ್ಲಿ 1 ವೋಲ್ಟ್ ಏರಿಳಿತ ಇದ್ದರೆ ಟ್ರಾನ್ಸ್‌ಫಾರ್ಮರ್ ಮೇಲೆ ಬೀಳುವುದು ಅದರ ಹತ್ತನೇ ಒಂದು ಪಾಲು ಅಷ್ಟೇ. ಅದೇ 1 ವೋಲ್ಟ್ ಸ್ಕ್ರೀನ್ ಮೇಲಿದ್ದರೆ? ಸ್ಕ್ರೀನ್ ಕೂಡ ಗ್ರಿಡ್ಡೇ ಅಲ್ವಾ, ಅದು ಆ ಏರಿಳಿತವನ್ನು ಎರಡೂವರೆ ಮೂರು ಪಟ್ಟು ದೊಡ್ಡದು ಮಾಡಿ ಟ್ರಾನ್ಸ್‌ಫಾರ್ಮರಿಗೆ ಕೊಡುತ್ತದೆ. ಒಂದು ಕಡೆ 0.1, ಇನ್ನೊಂದು ಕಡೆ 2.7. ನಿಮ್ಮ ಆಂಪ್‌ನಲ್ಲಿ ಸ್ಕ್ರೀನ್ ತಂತಿ ನೇರ ಮೊದಲ ಕೆಪಾಸಿಟರಿನಿಂದ ಬಂದಿದೆಯಾ ನೋಡಿ. ಬಂದಿದ್ದರೆ ಕಳ್ಳ ಸಿಕ್ಕಿದ ಹಾಗೆ.

ಆದ್ದರಿಂದ ರೆಗ್ಯುಲೇಟರ್ ಬೇಕಾದದ್ದು ಎರಡು ಇಎಲ್84ರ ಸ್ಕ್ರೀನ್‌ಗೆ ಮತ್ತು ಇಸಿಸಿ83ಕ್ಕೆ. ಸ್ಕ್ರೀನ್ ಒಂದಕ್ಕೆ 5 ಮಿಲಿಆಂಪ್ ಆಸುಪಾಸು, ಜೋರಾಗಿ ಹಾಡುವಾಗ ಅದರ ಎರಡರಷ್ಟು. ಇಸಿಸಿ83 ಎಳೆಯುವುದು 2 ಮಿಲಿಆಂಪ್. ಎಲ್ಲ ಸೇರಿ 25 ಮಿಲಿಆಂಪ್ ಅಂತ ಹಿಡಿಯಿರಿ. 25 ಮಿಲಿಆಂಪ್ ಗುಣಿಸು 75 ವೋಲ್ಟ್ ಅಂದರೆ 2 ವ್ಯಾಟ್ ಕೂಡ ಆಗಲಿಲ್ಲ. ಇಡೀ ಎಚ್‌ಟಿಗೆ ಹಾಕಿದ್ದರೆ ಲೈನ್ ಏರಿದ ದಿನ 9 ವ್ಯಾಟ್ ಬಿಸಿ ಸುಮ್ನೆ ಹೊರಗೆ ಚೆಲ್ಲಬೇಕಿತ್ತು.

ಈಗ ಯಾವುದು ಅನ್ನೋದು. ನಿಮಗೆ ನಾನು ಹೇಳುವುದು ಝೀನರ್ ಸಾಲು (ಝೀನರ್ ಅಂದರೆ ತನ್ನ ಮೇಲಿನ ವೋಲ್ಟೇಜನ್ನು ಒಂದೇ ಕಡೆ ನಿಲ್ಲಿಸುವ ಡಯೋಡ್), ಒಂದು ಮಾಸ್ಫೆಟ್. ಅಷ್ಟೇ. ಎಲ್‌ಎಂ317 ತನ್ನ ಒಳಗೂ ಹೊರಗೂ ನಡುವೆ 40 ವೋಲ್ಟ್ ಮಾತ್ರ ತಾಳುತ್ತದೆ. ಅದನ್ನು ಇಷ್ಟು ಮೇಲೆ ತೇಲಿಸಿ ನಿಲ್ಲಿಸಲು ಮುಂದೆ ಇನ್ನೊಂದು ಹೈವೋಲ್ಟೇಜ್ ಟ್ರಾನ್ಸಿಸ್ಟರ್ ಕಾವಲಿಗೆ ಬೇಕು. ಚೆನ್ನಾಗಿ ಕೆಲಸ ಮಾಡುತ್ತದೆ ನಿಜ, ಆದರೆ ಒಂದು ಸಲ ಶಾರ್ಟ್ ಆದರೆ ಸಾಲಾಗಿ ಎಲ್ಲವೂ ಹೋಗುತ್ತವೆ. ಎಲ್‌ಆರ್8 ಅಂತ ಒಂದು ಪುಟ್ಟ ಐಸಿ ಇದೆ, 450 ವೋಲ್ಟ್ ತಾಳುತ್ತದೆ, ಆದರೆ ಕೊಡುವುದು 10 ಮಿಲಿಆಂಪ್. ಬರೀ ಇಸಿಸಿ83ಕ್ಕಾದರೆ ಬಹಳ ಒಳ್ಳೆಯದು, ಸ್ಕ್ರೀನ್‌ಗೆ ಸಾಲದು.

ಮಾಸ್ಫೆಟ್‌ದು ಹೀಗೆ. 30 ವೋಲ್ಟ್, 1 ವ್ಯಾಟ್‌ನ ಝೀನರ್ ಏಳು ಸಾಲಾಗಿ, ಒಟ್ಟು 210 ವೋಲ್ಟ್. ಎಚ್‌ಟಿಯಿಂದ 22 ಕಿಲೋಓಂ, 1 ವ್ಯಾಟ್ ರೆಸಿಸ್ಟರ್ ಮೂಲಕ ಈ ಸಾಲಿಗೆ ಕರೆಂಟ್ ಕೊಡಿ. ಸಾಲಿನ ಮೇಲೆ 10 ಮೈಕ್ರೋಫ್ಯಾರಡ್, 450 ವೋಲ್ಟ್ ಕೆಪಾಸಿಟರ್. ಆ ಜಾಗದಿಂದ 220 ಓಂ ಮೂಲಕ ಐಆರ್‌ಎಫ್840 ಮಾಸ್ಫೆಟ್‌ನ ಗೇಟ್‌ಗೆ (ಗೇಟ್, ಡ್ರೇನ್, ಸೋರ್ಸ್ ಅದರ ಮೂರು ಕಾಲುಗಳು). ಈ 220 ಓಂ ಮಾಸ್ಫೆಟ್ ಕಾಲಿಗೆ ಅಂಟಿಕೊಂಡೇ ಇರಬೇಕು, ಎರಡು ಇಂಚು ತಂತಿ ಎಳೆದರೆ ಅದು ಆಸಿಲೇಟ್ ಆಗುತ್ತದೆ. ಡ್ರೇನ್‌ಗೆ ಎಚ್‌ಟಿ, ನಡುವೆ 220 ಓಂ, 2 ವ್ಯಾಟ್ ಮತ್ತು 100 ಮಿಲಿಆಂಪ್ ಫ್ಯೂಸ್. ಸೋರ್ಸ್‌ನಿಂದ ಸುಮಾರು 206 ವೋಲ್ಟ್ ಬರುತ್ತದೆ. ಅಲ್ಲಿಂದ ಒಂದೊಂದು ಸ್ಕ್ರೀನ್‌ಗೆ 1 ಕಿಲೋಓಂ ಬೇರೆ ಬೇರೆ.

ಗೇಟ್ ಮತ್ತು ಸೋರ್ಸ್ ನಡುವೆ 15 ವೋಲ್ಟ್ ಝೀನರ್ ಒಂದು ಹಾಕಿ. ಇದನ್ನು ಮರೆಯಲೇಬೇಡಿ. ಗೇಟ್ ತಾಳುವುದು 20 ವೋಲ್ಟ್ ಅಷ್ಟೇ. ನಾನು ಮೊದಲು ಕಟ್ಟಿದಾಗ ಇದೊಂದು ಏನು ಮಹಾ ಅಂತ ಬಿಟ್ಟಿದ್ದೆ. ಸೋರ್ಸ್ ಮೇಲೆ ಮೀಟರ್ ಕಡ್ಡಿ ಇಟ್ಟಿದ್ದೆ, ತುದಿ ಜಾರಿ ಚಾಸಿಸ್‌ಗೆ ತಗುಲಿತು. ಚಟ್ ಅಂತ ಒಂದು ಸಣ್ಣ ಸದ್ದು, ಸಾಸಿವೆ ಸಿಡಿದ ಹಾಗೆ. ಹೊಗೆಯೂ ಬರಲಿಲ್ಲ. ಸೋರ್ಸ್ ಸೊನ್ನೆಗೆ ಬಂದಿತ್ತು, ಗೇಟ್ ಮಾತ್ರ 10 ಮೈಕ್ರೋಫ್ಯಾರಡ್ ಹಿಡಿದುಕೊಂಡು 210ರಲ್ಲೇ ನಿಂತಿತ್ತು. ಮಾಸ್ಫೆಟ್ ಸತ್ತರೆ ಸಾಮಾನ್ಯವಾಗಿ ಡ್ರೇನ್ ಸೋರ್ಸ್ ಒಂದಾಗಿಬಿಡುತ್ತವೆ. ಹಾಗಾದಾಗ ಪೂರ್ತಿ ಎಚ್‌ಟಿ ಸ್ಕ್ರೀನ್ ಮೇಲೆ ಬೀಳುತ್ತದೆ. ಮತ್ತೆ ಆನ್ ಮಾಡಿದಾಗ ಇಎಲ್84ರ ಒಳಗೆ ಸ್ಕ್ರೀನ್ ತಂತಿ ಕೆಂಪಗೆ ಸುರುಳಿ ಸುರುಳಿಯಾಗಿ ಕಾಣಿಸಿತು, ಆಗಲೇ ನನಗೆ ಗೊತ್ತಾದದ್ದು. ಎರಡು ರೂಪಾಯಿಯ ಝೀನರ್‌ಗೋಸ್ಕರ ಬಿಇಎಲ್ ವಾಲ್ವ್ ಕಳೆದುಕೊಳ್ಳಬೇಡಿ, ಅವನ್ನು ಈಗ ಯಾರೂ ಮಾಡುತ್ತಿಲ್ಲ.

210 ಯಾಕೆ, 250 ಯಾಕಲ್ಲ ಅಂತ ಕೇಳುತ್ತೀರಿ. ಪುಸ್ತಕದಲ್ಲಿ 250 ಅಂತಲೇ ಇರುತ್ತದೆ. ಆದರೆ ಆ ಪುಸ್ತಕ ಬರೆದವರ ಮನೆಯಲ್ಲಿ ಸಂಜೆ ಲೈನ್ 190 ವೋಲ್ಟ್ ಇರಲಿಲ್ಲ. ರೆಗ್ಯುಲೇಟರ್ ಅನ್ನುವುದು ಮೇಲಿನದನ್ನು ಕತ್ತರಿಸಿ ಸಮ ಮಾಡುತ್ತದೆ, ಕೆಳಗಿದ್ದದ್ದನ್ನು ಎತ್ತಿ ಕೊಡುವುದಿಲ್ಲ. 230ಕ್ಕೆ 280 ಬರುವ ನಿಮ್ಮ ಎಚ್‌ಟಿ, ಲೈನ್ 190 ಆದಾಗ 231. ಅದರಲ್ಲಿ ಏರಿಳಿತದ ತಗ್ಗು 225. ನೀವು 250 ಇಟ್ಟಿದ್ದರೆ ಆಗ ಮಾಸ್ಫೆಟ್ ಪೂರ್ತಿ ಬಾಗಿಲು ತೆರೆದು ನಿಂತುಬಿಡುತ್ತದೆ, ಗುಂಯ್ ಸದ್ದು ಹಾಗೇ ಒಳಗೆ ಬರುತ್ತದೆ. ತೋಟಕ್ಕೆ ಹೂಮಳೆ ಬಾರದೆ ಊರೆಲ್ಲ ಪಂಪ್ ಹಾಕುವ ಫೆಬ್ರವರಿ, ಮಾರ್ಚ್‌ನಲ್ಲಿ ಸಂಜೆ ಏಳಕ್ಕೆ ಒಂದು ವಾರ ನಿಮ್ಮ ಮನೆಯ ಲೈನ್ ಅಳೆದು ಬರೆದಿಡಿ. ಅದರಲ್ಲಿ ಅತಿ ಕಡಿಮೆ ಯಾವುದೋ ಅದಕ್ಕೆ ಲೆಕ್ಕ ಹಾಕಿ ರೆಗ್ಯುಲೇಟರ್ ಇಡಬೇಕು. ಸ್ಕ್ರೀನ್ ಇಳಿದರೆ ಪವರ್ ಸ್ವಲ್ಪ ಇಳಿಯುತ್ತದೆ ನಿಜ. ಮನೆಯಲ್ಲಿ ಕೂತು ಕೇಳುವಾಗ ಆ ವ್ಯತ್ಯಾಸ ಗೊತ್ತಾಗುವುದಿಲ್ಲ. ಕ್ಯಾಥೋಡ್ ರೆಸಿಸ್ಟರ್ 135 ಓಂ ಇದ್ದರೆ ಅದರ ಮೇಲೆ 6 ವೋಲ್ಟ್ ಆಸುಪಾಸು ಸಿಗಲಿ, ಅಂದರೆ 44 ಮಿಲಿಆಂಪ್.

ಇನ್ನೊಂದು ವಿಷಯ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಲೈನ್ ಇಳಿದಾಗ ಎಚ್‌ಟಿ ಒಂದೇ ಇಳಿಯುವುದಿಲ್ಲ, ಹೀಟರೂ ಇಳಿಯುತ್ತದೆ. 6.3 ಇರಬೇಕಾದದ್ದು 190ರಲ್ಲಿ 5.2. ಹತ್ತು ಪರ್ಸೆಂಟ್ ಆಚೀಚೆ ಪರವಾಗಿಲ್ಲ, ಅಂದರೆ 207ಕ್ಕಿಂತ ಕೆಳಗೆ ಲೈನ್ ಹೋದರೆ ವಾಲ್ವ್‌ಗೆ ಚಳಿ. ಕ್ಯಾಥೋಡ್ ಸರಿಯಾಗಿ ಕಾಯದೆ ಇದ್ದರೆ ಎಚ್‌ಟಿ ಎಷ್ಟು ನೆಟ್ಟಗಿದ್ದರೂ ಹಾಡು ಸಪ್ಪೆ. ಇದಕ್ಕೆ ನಾನು ಮಾಡಿಕೊಂಡ ಉಪಾಯ: ಎರಡು ಇಎಲ್84ರ ಹೀಟರ್ ಸಾಲಾಗಿ, ಅಲ್ಲಿಗೆ 12.6 ವೋಲ್ಟ್, 0.76 ಆಂಪ್. ಇಸಿಸಿ83ರ ಹೀಟರನ್ನೂ 12.6ಕ್ಕೆ ಜೋಡಿಸಬಹುದು, 0.15 ಆಂಪ್. ಇಷ್ಟಕ್ಕೆ 12 ವೋಲ್ಟ್, 3 ಆಂಪ್‌ನ ಒಂದು ಅಡಾಪ್ಟರ್ ಸಾಕು. 12 ಅಂದರೆ ಐದು ಪರ್ಸೆಂಟ್ ಕಡಿಮೆ, ಪರವಾಗಿಲ್ಲ. ತಣ್ಣಗಿರುವ ಹೀಟರ್ ಮೊದಲು ಜಾಸ್ತಿ ಎಳೆಯುತ್ತದೆ, ಅದಕ್ಕೇ 3 ಆಂಪ್ ಅಂದೆ. ಒಳ್ಳೆಯ ಅಡಾಪ್ಟರಿನ ಮೇಲೆ 100 ರಿಂದ 240 ವೋಲ್ಟ್ ಅಂತ ಬರೆದಿರುತ್ತದೆ ನೋಡಿ, ಲೈನ್ 160 ಆದರೂ ನಿಮ್ಮ ಹೀಟರ್ ಅಲುಗಾಡುವುದಿಲ್ಲ. ಮೈನಸ್ ತುದಿಯನ್ನು ಆಂಪ್‌ನ ಗ್ರೌಂಡಿಗೆ ಒಂದೇ ಜಾಗದಲ್ಲಿ ಕಟ್ಟಿ.

ಇಷ್ಟೆಲ್ಲ ಆದ ಮೇಲೂ ಸಣ್ಣಗೆ ಗುಂಯ್ ಉಳಿದರೆ ಪ್ಲೇಟಿನ ದಾರಿಯಲ್ಲಿ ಮಾತ್ರ ಒಂದು 10 ಹೆನ್ರಿ ಚೋಕ್ (ಕಬ್ಬಿಣದ ತಿರುಳಿನ ತಂತಿ ಸುರುಳಿ), ಮುಂದೆ 47 ಮೈಕ್ರೋಫ್ಯಾರಡ್. ಏರಿಳಿತ ನೂರು ಪಟ್ಟಿಗಿಂತ ಜಾಸ್ತಿ ಇಳಿಯುತ್ತದೆ. ರೆಗ್ಯುಲೇಟರಿಗೆ ಮಾತ್ರ ಚೋಕ್‌ಗಿಂತ ಮುಂಚಿನ ಜಾಗದಿಂದಲೇ ತೆಗೆದುಕೊಳ್ಳಿ, ಚೋಕ್ ನುಂಗುವ ವೋಲ್ಟ್ ನಿಮಗೆ ಸಂಜೆ ಹೊತ್ತು ಬೇಕು.

ಕೈ ಹಾಕುವ ಮುಂಚೆ: ಮೊದಲ ಕೆಪಾಸಿಟರ್ ಮೇಲೆ 110 ಕಿಲೋಓಂನ 1 ವ್ಯಾಟ್ ರೆಸಿಸ್ಟರ್ ಎರಡು ಸಾಲಾಗಿ ಹಾಕಿ. ಒಂದೇ ರೆಸಿಸ್ಟರ್ ಅಷ್ಟು ವೋಲ್ಟೇಜ್ ತಾಳುವ ಭರವಸೆ ಇಲ್ಲ. ಆರಿಸಿದ ಮೇಲೆ ಎರಡು ನಿಮಿಷ ಕಾಯಿರಿ. ಕಾದ ಮೇಲೂ ಮೀಟರಿನಲ್ಲಿ ನೋಡಿ, ಆಮೇಲೆ ಮುಟ್ಟಿ. ಮಾಸ್ಫೆಟ್ ಬೆನ್ನಿನ ಲೋಹ ಡ್ರೇನ್‌ಗೆ ಸೇರಿದ್ದು, ಅಂದರೆ ಅಲ್ಲಿ 280 ವೋಲ್ಟ್ ಇರುತ್ತದೆ. ಮೈಕಾ ಹಾಳೆ, ಪ್ಲಾಸ್ಟಿಕ್ ಬುಷ್ ಹಾಕಿಯೇ ಹೀಟ್‌ಸಿಂಕ್‌ಗೆ ಬಿಗಿಯಿರಿ, ಹೀಟ್‌ಸಿಂಕ್ ಚಾಸಿಸ್‌ಗೆ ಸೇರಿರಲಿ, ಚಾಸಿಸ್ ಅರ್ತ್‌ಗೆ. ಮನೆಯ ಅರ್ತ್ ಸರಿ ಇದೆಯಾ ಅಂತಲೂ ನೋಡಿಸಿಬಿಡಿ. ಮನೆಯಲ್ಲಿ ಒಬ್ಬರೇ ಇದ್ದಾಗ ಮುಚ್ಚಳ ತೆಗೆದು ಆನ್ ಮಾಡಬೇಡಿ.

ಪ್ರಶ್ನೆ: ಗೋಣಿಕೊಪ್ಪದಿಂದ. ಮಳೆಗಾಲದಲ್ಲಿ ಕರೆಂಟ್ ಹೋದಾಗ ಇನ್ವರ್ಟರ್‌ನಲ್ಲಿ ವಾಲ್ವ್ ಆಂಪ್ ಹಾಕಿದರೆ ಹಾಡು ಮೆಲ್ಲಗಾಗಿ ಗರ್ ಅನ್ನುತ್ತದೆ. ಮೀಟರಿನಲ್ಲಿ ಇನ್ವರ್ಟರ್ 230 ತೋರಿಸುತ್ತದೆ. ರೆಗ್ಯುಲೇಟರ್ ಹಾಕಿದರೆ ಸರಿ ಹೋಗುತ್ತಾ?

ಉತ್ತರ: ಹೋಗುವುದಿಲ್ಲ. ನಿಮ್ಮದು ಸ್ಕ್ವೇರ್ ವೇವ್ ಇನ್ವರ್ಟರ್ ಇರಬೇಕು. ಲೈನಿನ 230 ವೋಲ್ಟ್‌ಗೆ ತುದಿ 325 ಇರುತ್ತದೆ, ಕೆಪಾಸಿಟರ್ ತುಂಬುವುದು ಆ ತುದಿಗೆ. ಸ್ಕ್ವೇರ್ ವೇವ್‌ಗೆ ತುದಿ ಅಂತ ಬೇರೆ ಇಲ್ಲ, 230 ಅಂದರೆ ತುದಿಯೂ 230. ಹಾಗಾಗಿ ಹೀಟರ್ ಸರಿಯಾಗಿ ಉರಿಯುತ್ತದೆ, ಎಚ್‌ಟಿ ಮಾತ್ರ ಹತ್ತರಲ್ಲಿ ಏಳು ಪಾಲಿಗೆ ಇಳಿಯುತ್ತದೆ. 280 ಇದ್ದದ್ದು 200 ಆದಾಗ ಯಾವ ರೆಗ್ಯುಲೇಟರಿಗೂ ಕತ್ತರಿಸಲು ಏನೂ ಉಳಿದಿಲ್ಲ. ಗರ್ ಸದ್ದು ಆ ಚೌಕ ಅಲೆಯ ಮೂಲೆಗಳದ್ದು, ಟ್ರಾನ್ಸ್‌ಫಾರ್ಮರ್ ದಾಟಿಕೊಂಡು ಬರುತ್ತದೆ. ಸೈನ್ ವೇವ್ ಇನ್ವರ್ಟರ್ ಆದರೆ ಈ ತೊಂದರೆ ಇಲ್ಲ. ಅದು ಬರುವವರೆಗೆ ಕರೆಂಟ್ ಇಲ್ಲದಾಗ ಆಂಪ್ ಹಾಕಬೇಡಿ, ಬ್ಯಾಟರಿ ರೇಡಿಯೋದಲ್ಲಿ ಮಡಿಕೇರಿ ಆಕಾಶವಾಣಿ ಕೇಳಿ.

ಇದೇ ಕಾರಣಕ್ಕೆ ಹಳೇ ಸಿವಿಟಿ (ಲೈನ್ ವೋಲ್ಟೇಜ್ ಸಮ ಮಾಡುವ ಕಾನ್‌ಸ್ಟಂಟ್ ವೋಲ್ಟೇಜ್ ಟ್ರಾನ್ಸ್‌ಫಾರ್ಮರ್) ಕೊಂಡುಕೊಳ್ಳುವವರೂ ಹುಷಾರು. ಕೆಲವು ಸಿವಿಟಿಗಳ ಅಲೆ ಮೇಲ್ಗಡೆ ಚಪ್ಪಟೆ ಇರುತ್ತದೆ. ಮೀಟರ್ ನೆಟ್ಟಗೆ 230 ಅಂದರೂ ಎಚ್‌ಟಿ ಕಡಿಮೆಯೇ ಬರುತ್ತದೆ.

ಪ್ರಶ್ನೆ: ವಿರಾಜಪೇಟೆಯಿಂದ. ಪ್ರೀಆಂಪ್‌ಗೆ 0ಎ2 ಗ್ಲೋ ಟ್ಯೂಬ್ ಹಾಕಿದ್ದೇನೆ. ನೇರಳೆ ಬೆಳಕು ನೋಡಲು ಬಹಳ ಚೆನ್ನ. ಇನ್ನೂ ಕ್ಲೀನ್ ಆಗಲಿ ಅಂತ ಅದರ ಮೇಲೆ 22 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದೆ, ಈಗ ಬೆಳಕು ಮಿಣುಕುತ್ತದೆ, ಸ್ಪೀಕರ್‌ನಲ್ಲಿ ಟಕ್ ಟಕ್ ಸದ್ದು.

ಉತ್ತರ: ಆ ಕೆಪಾಸಿಟರ್ ಈಗಲೇ ತೆಗೆಯಿರಿ. ಗ್ಲೋ ಟ್ಯೂಬ್ ಹೊತ್ತಿಕೊಳ್ಳಲು ಬೇಕಾದ ವೋಲ್ಟೇಜ್ ಜಾಸ್ತಿ, ಹೊತ್ತಿದ ಮೇಲೆ ನಿಲ್ಲುವುದು 150ರಲ್ಲಿ. ದೊಡ್ಡ ಕೆಪಾಸಿಟರ್ ಇದ್ದರೆ ಅದು ತುಂಬುತ್ತದೆ, ಟ್ಯೂಬ್ ಹೊತ್ತುತ್ತದೆ, ಖಾಲಿ ಮಾಡುತ್ತದೆ, ಆರುತ್ತದೆ, ಮತ್ತೆ ತುಂಬುತ್ತದೆ. ಅದೇ ಆ ಟಕ್ ಟಕ್. 0.1 ಮೈಕ್ರೋಫ್ಯಾರಡ್‌ಗಿಂತ ಜಾಸ್ತಿ ಹಾಕಬಾರದು.

0ಎ2ಗೆ 5 ರಿಂದ 30 ಮಿಲಿಆಂಪ್ ಒಳಗೆ ಹರಿಯಬೇಕು. ಎಚ್‌ಟಿ 280, ಪ್ರೀಆಂಪ್‌ಗೆ 4 ಮಿಲಿಆಂಪ್ ಅಂತಿಟ್ಟುಕೊಂಡರೆ 6.8 ಕಿಲೋಓಂ, 5 ವ್ಯಾಟ್ ರೆಸಿಸ್ಟರ್ ಸರಿ. ಟ್ಯೂಬ್‌ಗೆ 15 ಮಿಲಿಆಂಪ್ ಸಿಗುತ್ತದೆ. ಎಚ್‌ಟಿ 231ಕ್ಕೆ ಇಳಿದ ಸಂಜೆಯೂ 8 ಉಳಿಯುತ್ತದೆ. ಪ್ರೀಆಂಪ್‌ಗೆ ಇದು ನನಗೆ ಬಹಳ ಇಷ್ಟದ ರೆಗ್ಯುಲೇಟರ್, ಕೆಡುವುದು ಕಡಿಮೆ, ಉರಿಯುತ್ತಿದೆಯೋ ಇಲ್ಲವೋ ಅಂತ ಕಣ್ಣಿಗೇ ಕಾಣುತ್ತದೆ. ಇನ್ನೂ ಕ್ಲೀನ್ ಬೇಕಿದ್ದರೆ ಟ್ಯೂಬ್ ಆದ ಮೇಲೆ 4.7 ಕಿಲೋಓಂ ಹಾಕಿ, ಅದರ ಆಚೆ ನಿಮ್ಮ 22 ಮೈಕ್ರೋಫ್ಯಾರಡ್. ಆಗ ಟ್ಯೂಬ್‌ಗೆ ಅದರ ಕಾಟ ಇಲ್ಲ.

ಪ್ರಶ್ನೆ: ಭಾಗಮಂಡಲದಿಂದ. ಬೇಸಿಗೆಯಲ್ಲಿ ಚೆನ್ನಾಗಿದ್ದ ಮಾಸ್ಫೆಟ್ ರೆಗ್ಯುಲೇಟರ್ ಜುಲೈ ಬಂದ ಕೂಡಲೇ 250 ಬದಲು 228, 235, ಹೀಗೆ ಅಲೆಯುತ್ತದೆ. ಚರಪರ ಸದ್ದೂ ಇದೆ. ಲೈನ್ ಇಳಿದಿಲ್ಲ, ಮಾಸ್ಫೆಟ್ ಬದಲಾಯಿಸಿದರೂ ಹಾಗೇ.

ಉತ್ತರ: ಗೇಟ್‌ಗೆ ಝೀನರ್ ಬದಲು ದೊಡ್ಡ ರೆಸಿಸ್ಟರ್ ಎರಡರಿಂದ ವೋಲ್ಟೇಜ್ ಹಂಚಿ ಕೊಟ್ಟಿದ್ದೀರಿ ಅನಿಸುತ್ತದೆ, 1 ಮೆಗಾಓಂ, 2 ಮೆಗಾಓಂ ತರಹದ್ದು. ಬೇರೆ ಊರಲ್ಲಿ ಅದು ನಡೆಯುತ್ತದೆ. ನಿಮ್ಮ ಕಡೆ ಕಕ್ಕಡ ತಿಂಗಳ ಮಳೆಗೆ ಬಟ್ಟೆಯೇ ವಾರಗಟ್ಟಲೆ ಒಣಗುವುದಿಲ್ಲ, ಬೋರ್ಡ್ ಮೇಲಿನ ಧೂಳು ಮತ್ತು ಬೆಸುಗೆಯ ಫ್ಲಕ್ಸ್ ತೇವ ಹೀರಿಕೊಂಡು ಅದೇ ಒಂದು ರೆಸಿಸ್ಟರ್ ಆಗಿಬಿಡುತ್ತದೆ. ಎರಡು ಮೆಗಾಓಂ ಪಕ್ಕದಲ್ಲಿ ಹತ್ತು ಮೆಗಾಓಂ ತೇವ ಬಂದರೆ ವೋಲ್ಟೇಜ್ ಅಲೆಯದೆ ಇನ್ನೇನು ಮಾಡುತ್ತದೆ? ಝೀನರ್ ಸಾಲಿಗೆ ಬದಲಾಯಿಸಿ, ಅದರಲ್ಲಿ 1 ರಿಂದ 3 ಮಿಲಿಆಂಪ್ ಹರಿಯಲಿ. ಅಷ್ಟು ಕರೆಂಟ್ ಇದ್ದರೆ ತೇವದ ಸೋರಿಕೆ ಲೆಕ್ಕಕ್ಕೇ ಬರುವುದಿಲ್ಲ.

ಬೋರ್ಡನ್ನು ಐಪಿಎ (ಐಸೊಪ್ರೊಪೈಲ್ ಆಲ್ಕೊಹಾಲ್) ಹಾಕಿ ಹಲ್ಲುಜ್ಜುವ ಬ್ರಷ್‌ನಲ್ಲಿ ತಿಕ್ಕಿ, ಒಲೆ ಹತ್ತಿರ ಒಂದು ದಿನ ಬೆಚ್ಚಗಿಟ್ಟು ಒಣಗಿಸಿ, ಆಮೇಲೆ ವಾರ್ನಿಷ್ ಬಳಿಯಿರಿ. ಒಣಗಿಸದೆ ಬಳಿದರೆ ತೇವ ಒಳಗೇ ಉಳಿಯುತ್ತದೆ. ಹಸಿರು ಬೂಷ್ಟು ಬಂದ ಟ್ಯಾಗ್‌ಸ್ಟ್ರಿಪ್ ಇದ್ದರೆ ತೊಳೆಯಲು ಹೋಗಬೇಡಿ, ಬಿಸಾಡಿ. ಮಳೆಗಾಲದಲ್ಲಿ ಆಂಪನ್ನು ದಿನಕ್ಕೆ ಒಂದು ಗಂಟೆಯಾದರೂ ಹಾಕಿ, ಅದರ ಬಿಸಿಯೇ ಅದನ್ನು ಒಣಗಿಸುತ್ತದೆ. ಹಾಗಂತ ಮುಚ್ಚಳದ ತೂತುಗಳನ್ನು ಹಾಗೇ ಬಿಡಬೇಡಿ, ಒಳಗಿನಿಂದ ಸಣ್ಣ ಜಾಲರಿ ಅಂಟಿಸಿ. ಬೆಚ್ಚಗಿನ ಪೆಟ್ಟಿಗೆ ಅಂದರೆ ಇರುವೆ, ಹಲ್ಲಿ ಎಲ್ಲ ಬಂದು ಸೇರುತ್ತವೆ. ನನ್ನ ಹತ್ತಿರ ರಿಪೇರಿಗೆ ಬಂದ ಒಂದು ಆಂಪ್‌ನಲ್ಲಿ ಎಚ್‌ಟಿ ಟ್ಯಾಗ್‌ಗೂ ಚಾಸಿಸ್‌ಗೂ ನಡುವೆ ಒಂದು ಹಲ್ಲಿ ಒಣಗಿ ಅಂಟಿಕೊಂಡಿತ್ತು, ಫ್ಯೂಸ್ ಮೂರು ಸಲ ಹೋಗಿತ್ತಂತೆ. ಅದನ್ನು ಚಿಮ್ಮಟದಲ್ಲಿ ಎತ್ತಿ, ಜಾಗ ಒರೆಸಿ, ಹೊಸ ಫ್ಯೂಸ್ ಹಾಕಿದೆ. ಬೇರೆ ಯಾವ ಪಾರ್ಟೂ ಬದಲಾಯಿಸಬೇಕಾಗಲಿಲ್ಲ.